ಮರದ ಮೇಲಿನ ಮಾತು

ಒಂದು ಸೀಸೆ ನೀರಾಕ್ಕೆ ಕಾಂಡದಲ್ಲಿ ಕಾಲಿಡಲು ಕೊರೆದ ನಲವತ್ತೆರಡು ಕಚ್ಚು ಮೇಲೆ, ನಲವತ್ತೆರಡು ಕಚ್ಚು ಕೆಳಗೆ, ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಅಂಥವು ಮೂರು ತೆಂಗಿನ ಮರ, ಅದರ ಮೇಲೆ ಅರವತ್ತೊಂದು ವರ್ಷದ ಮೊಣಕಾಲು ಎರಡು — ಹಡಗು ಬಂದ ವಾರ ಅಂಗಡಿಯಲ್ಲಿ ಸಕ್ಕರೆ ಸಿಗುತ್ತದೆ, ಕಿಲೋಗೆ ಮೂರು ಡಾಲರ್, ನೀರಿಗೆ ಕಲಸಿ ಕುಡಿದರಾಯಿತು, ಯಾರೂ ಹತ್ತಬೇಕಾಗಿಲ್ಲ ಎಂದು ಮೊನ್ನೆಯೂ ಗಂಡನಿಗೆ ನಾನೇ ಹೇಳಿದೆ, ಅವನು ಹೂಂ ಅಂದ, ಅಂದವನು ಕತ್ತಿ ಮಸೆಯಲು ಕೂತ, ಈಗ ಮೇಲಿದ್ದಾನೆ, ಕತ್ತಿ ಹೊಂಬಾಳೆಯ ತುದಿಯನ್ನು ಸವರುವ ಸದ್ದು ಇಲ್ಲಿಗೆ ಕೇಳುತ್ತಿದೆ, ಸರ್, ಸರ್, ಹೆರೆದದ್ದು ಮೀನಿನ ಹುರುಪೆಯಷ್ಟು ತೆಳ್ಳಗಿರಬೇಕು, ದಪ್ಪ ಹೆರೆದರೆ ಹೊಂಬಾಳೆ ಬತ್ತುತ್ತದೆ, ಹೆರೆಯದಿದ್ದರೂ ಬತ್ತುತ್ತದೆ, ಒಂದು ದಿನ ಬಿಟ್ಟರೆ ಮರ ಮುನಿಸಿಕೊಳ್ಳುತ್ತದೆ, ಅದಕ್ಕೇ ಹತ್ತುತ್ತಾನೆ ಎಂದು ಊರು ತಿಳಿದಿದೆ, ಊರಿಗೇನು ಗೊತ್ತು. ರಾಜಧಾನಿ ತರಾವಾದಿಂದ ವಿಮಾನದಲ್ಲಿ ಬಂದಿದ್ದ ನರ್ಸ್ ತೆರೀಟಾ ಅವನ ತೋಳಿಗೆ ಪಟ್ಟಿ ಸುತ್ತಿ ಗಾಳಿ ಊದಿ ನೋಡಿ, ಅಜ್ಜಾ, ಇನ್ಮೇಲೆ ಮರದ ಕಡೆ ತಲೆ ಹಾಕ್ಬೇಡಿ, ಮೇಲೆ ತಲೆ ತಿರುಗಿದ್ರೆ ಕೆಳಗೆ ನಾನು ಹೊಲಿಯೋಕೆ ಏನೂ ಉಳಿದಿರಲ್ಲ ಅಂದಳು, ಎಲ್ಲರೂ ನಕ್ಕರು, ಅವನೂ ನಕ್ಕ, ನಾನು ನಗಲಿಲ್ಲ, ನಾನು ಯೋಚಿಸಿದ್ದು ಬೇರೆಯದು, ನನಗೆ ನಾಚಿಕೆಯಾಗುವಂಥದು — ಇವನು ಹತ್ತದಿದ್ದರೆ ನನ್ನ ಹತ್ತಿರ ಮಾತಾಡುವವರು ಯಾರು.

ನೆಲದ ಮೇಲೆ ಟೆಕೈಯಾ ಮಾತಾಡುವುದಿಲ್ಲ, ಮೂವತ್ತೆರಡು ವರ್ಷ ಒಂದೇ ಜಗಲಿಯ ಮೇಲೆ ಒಂದೇ ಚಾಪೆಯಲ್ಲಿ ಮಲಗಿದ್ದೇವೆ, ಉಪ್ಪು ಕೊಡು, ಬಲೆ ಎಲ್ಲಿ, ಮಳೆ ಬಂತು, ಇಷ್ಟೇ, ಮೊದಲ ಮಗು ಸತ್ತಾಗ ಒಂದು ಮಾತೂ ಆಡಲಿಲ್ಲ, ನನ್ನ ಪಕ್ಕದಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ, ಮೂರು ದಿನ ಹೊಸೆದ, ಅಷ್ಟು ಹಗ್ಗ ಯಾರಿಗೂ ಬೇಕಿರಲಿಲ್ಲ, ನಾನು ಒಳಗೊಳಗೇ ಶಪಿಸಿದೆ, ನಾಲ್ಕನೆಯ ದಿನ ಮರ ಹತ್ತಿದ, ಮೇಲಿಂದ ಹಾಡಿನಲ್ಲಿ ಹೊಸ ಸಾಲು ಬಂತು, ಚಿಕ್ಕ ಚಾಪೆಯನ್ನು ಸುತ್ತಿಡಬೇಡ, ನಾನು ಅದರ ಮೇಲೆ ಗಾಳಿಯನ್ನು ಮಲಗಿಸುತ್ತೇನೆ — ನಾನು ಕೆಳಗೆ ಮೀನು ತೊಳೆಯುತ್ತಿದ್ದೆ, ಮೀನು ಕೈಯಲ್ಲೇ ಉಳಿಯಿತು. ನೀರಾ ಇಳಿಸುವ ಗಂಡಸು ಮೇಲಿರುವಷ್ಟು ಹೊತ್ತು ಹಾಡಲೇಬೇಕು, ಅದು ಇಲ್ಲಿಯ ಕಟ್ಟಳೆ, ಕೆಳಗೆ ಬಾವಿಯ ಹತ್ತಿರ ಹೆಂಗಸರು ಮೀಯುತ್ತಿರುತ್ತಾರೆ, ದನಿ ಕೇಳಿದರೆ ಯಾರು ಯಾವ ಮರದಲ್ಲಿದ್ದಾರೆ ಎಂದು ತಿಳಿದು ಮೈ ಮುಚ್ಚಿಕೊಳ್ಳುತ್ತಾರೆ, ಹಾಡು ಅವನವನದೇ, ಅವನೇ ಕಟ್ಟಿದ್ದು, ಮತ್ತೆ ಇನ್ನೊಂದು ಕಟ್ಟಳೆಯೂ ಇದೆ, ಯಾರೂ ಬಾಯಿಬಿಟ್ಟು ಹೇಳದ ಕಟ್ಟಳೆ, ಕೆಳಗಿದ್ದವರು ದನಿ ಕೇಳಬೇಕು, ಮಾತು ಕೇಳಬಾರದು, ಕೇಳಿದರೂ ಕೇಳಿದೆ ಅನ್ನಬಾರದು, ಅನ್ನುವುದು ಬೇರೆಯವರ ಚಾಪೆಯನ್ನು ಎತ್ತಿ ನೋಡಿದ ಹಾಗೆ, ಅದಕ್ಕೇ ಗಂಡಸರು ಅಲ್ಲಿ ಏನು ಬೇಕಾದರೂ ಹಾಡುತ್ತಾರೆ, ಎದುರಿಗೆ ಮುಖ ಇಲ್ಲ, ಉತ್ತರ ಕೊಡುವವರಿಲ್ಲ, ನಾನೂ ಕೇಳದವಳ ಹಾಗೆ ಇದ್ದೆ, ಮೂವತ್ತೆರಡು ವರ್ಷ, ಬೆಳಿಗ್ಗೆ ಸಂಜೆ, ಬೆನ್ನು ತಿರುಗಿಸಿ ಕೂತು ಒಂದೊಂದು ಅಕ್ಷರವನ್ನೂ ಕುಡಿದೆ, ಮನೆಗೆ ಬಂದವನಿಗೆ ಉಪ್ಪು ಕೊಟ್ಟೆ.

ಮದುವೆಯಾದದ್ದೂ ಹಾಡಿನಿಂದಲ್ಲ, ಹಾಡದೇ ಇದ್ದದ್ದರಿಂದ — ನನಗೆ ಹತ್ತೊಂಬತ್ತು, ಚಿಕ್ಕಪ್ಪನ ಮಗಳು ಬೋತಿಕಾಗೆ ಇಪ್ಪತ್ತು, ಇಬ್ಬರೂ ಬಾವಿಯ ಹತ್ತಿರ, ಮೈಮೇಲೆ ನೀರು ಬಿಟ್ಟರೆ ಬೇರೇನಿಲ್ಲ, ಮೇಲೆ ಗರಿ ಅಲ್ಲಾಡಿತು, ಬೋತಿಕಾ ಕಿರುಚಿದಳು, ಇವನು ಮರದಲ್ಲಿದ್ದ, ಬಾಯಿ ಮುಚ್ಚಿಕೊಂಡು. ಸಂಜೆ ಹಿರಿಯರು ಸಭಾಮಂಟಪಕ್ಕೆ ಕರೆಸಿದರು, ಯಾಕೋ ಹಾಡ್ಲಿಲ್ಲ, ಕತ್ತಿ ಬಾಯಲ್ಲಿತ್ತು ಅಜ್ಜಾ, ಕತ್ತಿ ಬಾಯಲ್ಲಿತ್ತಾ ಕಣ್ಣಲ್ಲಿತ್ತಾ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ದಂಡ ಒಂದು ಹಂದಿ, ಅದೂ ಕೊಬ್ಬಿದ್ದು, ಹಂದಿ ಕೊಟ್ಟಾಯ್ತಲ್ಲ, ಇನ್ನು ನನ್ನ ಮಗಳನ್ನೇ ಕರ್ಕೊಂಡು ಹೋಗು, ಮದುವೆಗೆ ಮತ್ತೊಂದು ಹಂದಿ ಉಳಿಯುತ್ತೆ ಎಂದು ನನ್ನಪ್ಪನೇ ಅಂದ. ಕರೆದುಕೊಂಡು ಬಂದ. ಆದರೆ ಬಾವಿಯ ಹತ್ತಿರ ಇಬ್ಬರಿದ್ದೆವು, ಬೋತಿಕಾ ನನಗಿಂತ ಚೆಲುವೆ, ಈಗಲೂ, ಹಲ್ಲು ಬಿದ್ದ ಮೇಲೂ, ಅವನು ಯಾರನ್ನು ನೋಡಿ ದನಿ ಮರೆತ — ಅಥವಾ ಕತ್ತಿ ನಿಜವಾಗಿಯೂ ಬಾಯಲ್ಲೇ ಇತ್ತೋ, ಹಾಗಿದ್ದರೆ ನನ್ನ ಇಡೀ ಸಂಸಾರ ಒಂದು ಕತ್ತಿಯ ಮೇಲೆ ನಿಂತಿದೆ, ಏಳು ವರ್ಷ ಇದನ್ನೇ ಅಗಿದೆ, ಎದುರಿಗೆ ಕೇಳಲಿಲ್ಲ, ಕೇಳಿದರೆ ಅವನು ನಿನ್ನನ್ನೇ ಅನ್ನುತ್ತಿದ್ದ, ಯಾವ ಗಂಡ ಬೇರೆ ಹೇಳುತ್ತಾನೆ, ಆ ಉತ್ತರದಿಂದ ಏನೂ ತಿಳಿಯುತ್ತಿರಲಿಲ್ಲ, ಕೇಳಿ ಪಡೆದ ಪ್ರೀತಿ ಕೇಳಿ ಪಡೆದ ಮೀನಿನ ಹಾಗೆ, ಕೊಟ್ಟವನ ಮನಸ್ಸು ಎಂದೂ ಗೊತ್ತಾಗುವುದಿಲ್ಲ. ಏಳನೆಯ ವರ್ಷ ಒಂದು ಬೆಳಿಗ್ಗೆ ಸಾಲು ಬಂತು, ಎಡಗೈಯಲ್ಲಿ ನೀರು ಸೇದುವವಳೇ, ನಿನ್ನ ಹಗ್ಗ ಬಾವಿಗೆ ಬಿತ್ತು, ನನ್ನ ಉಸಿರು ಅದರ ಹಿಂದೆ — ಬೋತಿಕಾ ಬಲಗೈಯವಳು. ಅವತ್ತು ಅವನಿಗೆ ದೊಡ್ಡ ಮೀನಿನ ತಲೆ ಬಡಿಸಿದೆ, ಏನಿವತ್ತು ಅಂದ, ಏನಿಲ್ಲ ಅಂದೆ.

ಸರ್, ಸರ್, ಉಸಿರು ಈಚೆಗೆ ಉದ್ದವಿಲ್ಲ, ಸಾಲಿನ ನಡುವೆ ಮೊದಲು ಒಂದು ಅಲೆಯಷ್ಟು ಬಿಡುವಿತ್ತು, ಈಗ ಮೂರು ಅಲೆ, ನಾನು ಹೇಳಬೇಕು, ಇವತ್ತೇ, ಇಳಿದ ತಕ್ಷಣ, ಇನ್ನು ಹತ್ತಬೇಡ, ಹತ್ತಿದರೆ ನಾನು ಅಣ್ಣನ ಮನೆಗೆ ಹೋಗುತ್ತೇನೆ ಎಂದು ಹೆದರಿಸಿದರೆ ನಿಲ್ಲಿಸುತ್ತಾನೆ, ಅವನು ನನ್ನ ಮಾತು ಮೀರುವವನಲ್ಲ, ಅದು ಗೊತ್ತಿದ್ದೂ ಮೂರು ವಾರದಿಂದ ಸಕ್ಕರೆಯ ಬೆಲೆ ಹೇಳುತ್ತಾ ಕೂತಿದ್ದೇನೆ, ಅವನ ಜೀವ ಬೇಕು, ಹಾಡೂ ಬೇಕು, ನಾಳೆ ಹೇಳೋಣ ಎಂದು ಪ್ರತಿ ಸಂಜೆಯೂ ಒಂದು ಹಾಡು ಕದ್ದಿದ್ದೇನೆ, ಇಂಥ ಕಳ್ಳಿಯನ್ನು ಯಾವ ಸಭಾಮಂಟಪಕ್ಕೆ ಕರೆಸುತ್ತಾರೆ. ಬೋತಿಕಾ ಕೊಡ ಹಿಡಿದುಕೊಂಡು ಬಂದಳು, ಏನೇ ಕಿನಾಯಿ, ನಿನ್ನ ಮುದುಕ ಇನ್ನೂ ಹತ್ತುತ್ತಾನಾ, ನನ್ನವನು ಜಗಲಿ ಹತ್ತೋಕೇ ಎರಡು ಸಲ ದೇವರನ್ನ ಕರೀತಾನೆ, ನಾನು ಸುಮ್ಮನಿರೇ ಅಂದೆ, ಯಾಕೆಂದರೆ ಮೇಲೆ ಹೊಸ ಸಾಲು ಶುರುವಾಗಿತ್ತು, ಎಂದೂ ಕೇಳದ್ದು, ಎಡಗೈಯವಳೇ, ನಾನು ಇಳಿಯುವ ದಿನ ನೀನು — ಅಷ್ಟೇ. ಒಂದು ಅಲೆ. ಮೂರು ಅಲೆ. ಎಂಟು. ಕತ್ತಿಯ ಸದ್ದೂ ಇಲ್ಲ. ಬೋತಿಕಾ ಕೊಡ ಕೆಳಗಿಟ್ಟಳು, ಅಯ್ಯೋ, ಯಾಕೇ ನಿಲ್ಲಿಸಿದ. ಗರಿಗಳ ನಡುವೆ ಅವನ ಬೆನ್ನು ಕಾಣುತ್ತಿದೆ, ಮರವನ್ನು ಎರಡೂ ತೋಳಿನಿಂದ ತಬ್ಬಿಕೊಂಡಿದ್ದಾನೆ, ಹಣೆ ಮರಕ್ಕೆ ಒತ್ತಿಕೊಂಡಿದೆ, ತಲೆ ತಿರುಗುತ್ತಿದೆ, ಹೆಸರು ಹಿಡಿದು ಕರೆಯುವ ಹಾಗಿಲ್ಲ, ಮರದಲ್ಲಿರುವವನನ್ನು ಹೆಸರಿನಿಂದ ಕರೆಯಬಾರದು, ಕರೆದರೆ ಕೆಳಗೆ ನೋಡುತ್ತಾನೆ, ಹಾಗೆ ನೋಡಿ ಬಿದ್ದವರು ಈ ಊರಿನಲ್ಲೇ ಇಬ್ಬರು, ಪಕ್ಕದ ಮನೆ ತೊಕಾತಾನ ಕರ್ಕೊಂಡು ಬಾರೇ, ಓಡು, ಅವನು ಹತ್ತಿ ಹಿಡ್ಕೋತಾನೆ ಅಂದೆ ನಾನು, ಬೋತಿಕಾ ಅಂದಳು, ತೊಕಾತಾ ನೀರಿಳಿದ ಬಂಡೆಯಂಚಲ್ಲಿ ಮೀನು ಹಿಡೀತಿದ್ದಾನಲ್ಲೇ, ಬರೋ ಹೊತ್ತಿಗೆ ಎಲ್ಲಾ ಮುಗಿಯುತ್ತೆ, ಅಂದರೂ ಓಡಿದಳು, ಬಾವಿಯ ಹತ್ತಿರದ ಹೆಂಗಸರು ಎದ್ದು ಬಂದರು, ಎಲ್ಲರೂ ಮೇಲೆ ನೋಡುತ್ತಿದ್ದಾರೆ, ಒಬ್ಬರ ಕೈಯಲ್ಲೂ ಏನೂ ಆಗುವುದಿಲ್ಲ, ನನ್ನ ಕೈಯಲ್ಲೂ, ನಾನು ಹತ್ತುವವಳಲ್ಲ, ಕೂಗುವ ಹಾಗಿಲ್ಲ, ಅವನ ತೋಳು ಸಡಿಲವಾಗುತ್ತಿದೆ, ಹೌದು, ಎಡತೋಳು ಜಾರುತ್ತಿದೆ — ಬಾಯಿ ತಾನಾಗಿ ತೆರೆಯಿತು, ನಾನು ತೆರೆದದ್ದಲ್ಲ, ಎಡಗೈಯಲ್ಲಿ ನೀರು ಸೇದುವವಳೇ, ಅವನ ರಾಗದಲ್ಲೇ, ನಿನ್ನ ಹಗ್ಗ ಬಾವಿಗೆ ಬಿತ್ತು, ಹೆಂಗಸರು ನನ್ನ ಕಡೆ ತಿರುಗಿದರು, ಒಬ್ಬಳು ಬಾಯಿಗೆ ಕೈ ಇಟ್ಟುಕೊಂಡಳು, ನನ್ನ ಉಸಿರು ಅದರ ಹಿಂದೆ, ನಿಲ್ಲಿಸಲಿಲ್ಲ, ಚಿಕ್ಕ ಚಾಪೆಯ ಸಾಲು, ಅದರ ನಂತರದ್ದು, ಅದರ ನಂತರದ್ದು, ಒಂದಕ್ಷರ ತಪ್ಪದೆ, ಮೂವತ್ತೆರಡು ವರ್ಷ ಮುಚ್ಚಿಟ್ಟದ್ದೆಲ್ಲ ಬಯಲಲ್ಲಿ. ಎಡತೋಳು ನಿಂತಿತು. ಮತ್ತೆ ಬಿಗಿಯಾಯಿತು. ಅವನು ಕೇಳುತ್ತಿದ್ದ. ಆಮೇಲೆ ಬಲಗಾಲು ಹೊರಗೆ ಬಂತು, ಗಾಳಿಯಲ್ಲಿ ಕಚ್ಚು ಹುಡುಕಿತು, ಸಿಗಲಿಲ್ಲ, ಹುಡುಕಿತು, ಹೆಬ್ಬೆರಳು ಮರವನ್ನು ಕೆರೆಯಿತು, ನಾನು ಹಾಡುತ್ತಲೇ ಇದ್ದೆ, ಕಾಲಿಗೆ ಕಚ್ಚು ಸಿಕ್ಕಿತು.

ನಲವತ್ತೆರಡು ಕಚ್ಚು ಇಳಿದು ಮರಳಿನ ಮೇಲೆ ಕೂತ, ಬದುಕಿದ್ದಾನೆ, ಬೆವರು, ಬಿಳಿಚಿದ ತುಟಿ, ನೀರು ಕೊಡು ಅಂದ, ಕೊಟ್ಟೆ, ನನ್ನ ಮುಖ ನೋಡಲಿಲ್ಲ, ಹೆಂಗಸರನ್ನು ನೋಡಿದ, ಅವರು ಮರಳು ನೋಡಿದರು, ಅವನ ಕಿವಿ ಕೆಂಪಗಾಯಿತು, ಅರವತ್ತೊಂದು ವರ್ಷದ ಕಿವಿ, ಬಾವಿಯ ಹತ್ತಿರ ಬಟ್ಟೆಯಿಲ್ಲದೆ ಸಿಕ್ಕಿಬಿದ್ದದ್ದು ಅವತ್ತು ನಾನು, ಇವತ್ತು ಅವನು. ಯಾವಾಗಿಂದ ಗೊತ್ತು, ಅಂದ, ಮೆಲ್ಲಗೆ. ಮೊದಲಿನಿಂದ, ಅಂದೆ. ಎಲ್ಲಾ? ಎಲ್ಲಾ. ಹೂಂ ಅಂದ. ಅಷ್ಟರಲ್ಲಿ ತೊಕಾತಾ ಮೀನಿನ ಬುಟ್ಟಿಯ ಸಮೇತ ಏದುಸಿರು ಬಿಡುತ್ತಾ ಬಂದ, ಬೋತಿಕಾ ಹಿಂದೆ, ಯಾರೋ ಕಿವಿಯಲ್ಲಿ ಹೇಳಿರಬೇಕು, ಹೆದರಿಕೆ ಇಳಿದ ಖುಷಿಯಲ್ಲಿ ಗಟ್ಟಿಯಾಗಿ ನಕ್ಕ, ಹಾಗಾದ್ರೆ ನಾಳೆಯಿಂದ ಕಿನಾಯಿ ಅಕ್ಕನೇ ಹತ್ತಲಿ, ಹಾಡು ಹೇಗೂ ಬಾಯಿಪಾಠ ಇದೆ, ಎಲ್ಲರೂ ನಕ್ಕರು, ನಾನೂ, ತೊಕಾತಾ ಒಳ್ಳೆಯವನು, ಅವನ ಮಾತಿನಲ್ಲಿ ವಿಷವಿಲ್ಲ, ಆದರೆ ಟೆಕೈಯಾ ಸೊಂಟದಿಂದ ಕತ್ತಿ ತೆಗೆದು ಅವನ ಬುಟ್ಟಿಯಲ್ಲಿ ಮೀನಿನ ಮೇಲೆ ಇಟ್ಟ, ಮೂರೂ ಮರ ನಿಂದು ಕಣೋ, ಅಂದ, ನಗುತ್ತಲೇ ಅಂದ. ಮನೆಗೆ ಬಂದೆವು, ಬಿಸಿಲು ಇನ್ನೂ ಇದೆ, ಜಗಲಿಯ ಮೇಲೆ ಕೂತಿದ್ದಾನೆ, ಕಾಲು ಕೆಳಗೆ ಇಳಿಬಿಟ್ಟಿದ್ದಾನೆ, ನಾನು ಪಕ್ಕದಲ್ಲಿ ಕೂತೆ, ಎಂದೂ ಕೇಳದವಳು ಇವತ್ತು ಕೇಳಿದೆ, ಈಗ ಏನು ಮುಚ್ಚುವುದಿದೆ, ನಾನು ಇಳಿಯುವ ದಿನ ನೀನು, ಅಂದ್ಯಲ್ಲ, ಆಮೇಲೆ ಏನು, ನಾನು ಏನು ಮಾಡಬೇಕು ಆ ದಿನ, ನಗಬೇಕಾ, ಅಳಬೇಕಾ, ಹೇಳು. ಅವನು ನನ್ನನ್ನು ನೋಡಿದ, ಕೋಪವಿರಲಿಲ್ಲ, ಕೋಪವಿದ್ದಿದ್ದರೆ ತಾಳಿಕೊಳ್ಳಬಹುದಿತ್ತು, ಮನೆಗೆ ಬಂದ ಅತಿಥಿಯನ್ನು ನೋಡುವ ಹಾಗೆ ಮರ್ಯಾದೆಯಿಂದ ನೋಡಿದ, ಯಾವ ಹಾಡು, ಅಂದ. ಪಕ್ಕದ ಮರಕ್ಕೆ ತೊಕಾತಾ ಹತ್ತಿದ್ದಾನೆ, ಬಿಟ್ಟುಹೋದ ಹೊಂಬಾಳೆ ಸವರಿ ಸೀಸೆ ಕಟ್ಟುತ್ತಾ ಹಾಡುತ್ತಿದ್ದಾನೆ, ದನಿ ಕೇಳುತ್ತಿದೆ, ಮಾತು ನನಗೆ ಬೇಡ. ಇವನ ಬಲಗಾಲು ಜಗಲಿಯ ಅಂಚಿನಿಂದ ಕೆಳಗೆ, ನೆಲಕ್ಕೆ ಒಂದು ಗೇಣು ಮೇಲೆ, ಸುಮ್ಮನೆ ಅಲ್ಲಾಡುತ್ತಿದೆ, ಹೆಬ್ಬೆರಳು ಗಾಳಿಯಲ್ಲಿ ಏನನ್ನೋ ಹುಡುಕುತ್ತಿದೆ, ಅಲ್ಲಿ ಕಚ್ಚಿಲ್ಲ, ನಾನು ಇಳಿಯುವ ದಿನ ನೀನು, ಹೆಬ್ಬೆರಳು ಹುಡುಕುತ್ತಿದೆ, ನಾನು ಇಳಿಯುವ ದಿನ ನೀನು — ಗಂಡ ಉಳಿದ, ಪಕ್ಕದಲ್ಲೇ ಇದ್ದಾನೆ, ಮುಟ್ಟಿದರೆ ಬೆಚ್ಚಗಿದ್ದಾನೆ. ಅವನು ನನಗೆ ಹೇಳುತ್ತಿದ್ದುದು ನಿಂತಿತು. ಕಾಲು ಗಾಳಿಯಲ್ಲಿ.