ರುದ್ರಭೂಮಿಯ ಬೀಗ

"ಬೀಗ ಹಾಕೈತೆ ಬುದ್ಧೀ. ಗುಂಡಿ ಎಲ್ಲಿ ತೋಡ್ಲಿ, ರಸ್ತೇಲಾ?"

ಗುದ್ದಲಿಯನ್ನು ಕಾಂಪೌಂಡಿಗೆ ಒರಗಿಸುತ್ತಾ ಗುರುಸಿದ್ದಯ್ಯ ಇಡೀ ಬೀದಿಗೆ ಕೇಳುವ ಹಾಗೆ ಅಂದ. ಬೆಳಿಗ್ಗೆಯೇ ಗುಂಡಿ ತೋಡಲು ಹೋಗಿದ್ದವನು ರುದ್ರಭೂಮಿಯ ಗೇಟು ಮುಟ್ಟಿ ಹಾಗೇ ವಾಪಸು ಬಂದಿದ್ದ.

ಶಾಮಿಯಾನದ ಕೆಳಗೆ ಶಿವರುದ್ರಪ್ಪ ಕೂತಿದ್ದ. ರಾತ್ರಿ ಮಲಗಿದವನು ಎದ್ದಿರಲಿಲ್ಲ. ಲಿಂಗವಂತರ ಪದ್ಧತಿಯಂತೆ ಹೆಣದ ಕಾಲು ಮಡಿಸಿ, ಬೆನ್ನಿಗೆ ಹಲಗೆ ಕೊಟ್ಟು ಕೂರಿಸಿದ್ದರು. ತಲೆಗೆ ಪೇಟ, ಹಣೆ ತುಂಬ ವಿಭೂತಿ. ಎದುರಿಗೆ ಗುಂಪುಗೂಡಿದವರ ಮೀಟಿಂಗಿಗೆ ಅವನೇ ಅಧ್ಯಕ್ಷನಂತಿದ್ದ.

"ಬೀಗದಕೈ ನಿಮ್ಮಣ್ಣನ ಹತ್ರಾನೇ ತಾನೆ ಇರೋದು? ಹುಡುಕ್ರೀ ಸರಿಯಾಗಿ" ಅಂದ ಚಂದ್ರಮೌಳಿ. ಶ್ರೀರಾಂಪುರದ ರುದ್ರಭೂಮಿ ಕಮಿಟಿಯ ಅಧ್ಯಕ್ಷ ನಿಜವಾಗಿ ಅವನೇ.

"ಹುಡುಕಿದ್ದಾಯ್ತು. ದೇವರ ಗೂಡು, ಪ್ಯಾಂಟಿನ ಜೇಬು, ಅಕ್ಕಿ ಡಬ್ಬ. ಇನ್ನೇನು ನೆಲ ಅಗೀಬೇಕು" ಅಂದ ಮೃತ್ಯುಂಜಯ. ತಮ್ಮನಾಗಿ ಅವನಿಗೆ ಬೆಳಗಿನಿಂದ ಅಳುವುದಕ್ಕೂ ಪುರುಸೊತ್ತಾಗಿರಲಿಲ್ಲ. ಬದುಕಿದ್ದಾಗ ಒಂದು ಕಡೆ ಕೂತ ಮನುಷ್ಯನಲ್ಲ ಈ ಅಣ್ಣ. ಈಗ ಕೂತಿದ್ದಾನೆ, ಉಳಿದವರನ್ನೆಲ್ಲ ಓಡಾಡಿಸುತ್ತಿದ್ದಾನೆ.

"ಗೋಡೆ ಹತ್ತಿ ಇಳಿದ್ರಾಗಲ್ವಾ?" ಯಾರೋ ಕೇಳಿದರು.

"ಏಳಡಿ ಗೋಡೆ. ಅದ್ರ ಮೇಲೆ ಗಾಜಿನ ಚೂರು."

"ಯಾವನ್ರೀ ಅದನ್ನ ಹಾಕ್ಸಿದ್ದು?"

ಎಲ್ಲರ ಕಣ್ಣೂ ಪೇಟ ಸುತ್ತಿ ಕೂತವನ ಕಡೆ ಹೋಯಿತು.

"ಸುತ್ತಿಗೇಲಿ ಒಡೆದಾಕ್ಬುಡಿ ಅತ್ಲಾಗೆ" ಎಂದು ಚಂದ್ರಮೌಳಿ ಕೈ ಬೀಸಿದ.

"ಒಡೀಬೇಡಿ." ಹೆಣದ ಪಕ್ಕ ಕೂತಿದ್ದ ಹೆಂಡತಿ ಪ್ರೇಮಲೀಲಾ ಆ ದಿನ ಮೊದಲ ಸಲ ಬಾಯಿ ತೆರೆದಳು. "ಬೀಗದಕೈ ಬೆಟ್ಟಮ್ಮನ ಹತ್ರ ಇದೆ."

"ಬೆಟ್ಟಮ್ಮ ಅಂದ್ರೆ ಯಾರು ಅತ್ತಿಗೆ?"

"ಗಾರೆ ಕೆಲ್ಸದೋಳು. ರುದ್ರಭೂಮಿ ಹಿಂದೆ ಶೆಡ್ಡುಗಳಿವೆಯಲ್ಲ, ಅಲ್ಲಿರ್ತಾಳೆ. ಇವತ್ತು ವಿಜಯನಗರದಲ್ಲಿ, ನೀರಿನ ಟ್ಯಾಂಕಿನ ಹತ್ರ ಯಾವುದೋ ಮನೆ ತಾರಸಿ ಮೋಲ್ಡಿಂಗ್ ಅಂತ ಹೇಳಿದ್ಲು. ಅಲ್ಲಿಗೆ ಹೋಗಿರ್ತಾಳೆ."

ಚಂದ್ರಮೌಳಿ ಅವಳ ಮುಂದೆ ಬಂದು ನಿಂತ. "ನಮ್ಮ ಜನದ ರುದ್ರಭೂಮಿ ಬೀಗದಕೈ ಗಾರೆ ಕೆಲ್ಸದೋಳ ಹತ್ರ? ನಿಮ್ಗಿದು ಗೊತ್ತಿತ್ತೇನಮ್ಮ?"

"ಅರಿಶಿನ ದಾರ ಹಾಕಿ ಕಟ್ಟಿಕೊಟ್ಟೋಳೇ ನಾನು. ಏಳು ವರ್ಷ ಆಯ್ತು." ಅವಳು ಗಂಡನ ಪೇಟದ ಅಂಚು ಸರಿಮಾಡಿದಳು. "ಮೃತ್ಯುಂಜಯ, ಹೋಗಿ ಅವಳನ್ನ ಕರ್ಕೊಂಡು ಬಾಪ್ಪ. ಅವಳು ಬಂದು ತೆಗೀಲಿ. ಬೀಗ ಒಡೆದ್ರೆ ಇವರನ್ನ ಇಲ್ಲಿಂದ ಎತ್ತೋಕೆ ನಾನು ಬಿಡಲ್ಲ."

*

ತೊಂಬತ್ತಮೂರರಲ್ಲಿ ಆ ಜಾಗ ಲಂಟಾನಾ ಪೊದೆ ಬೆಳೆದ ಬಯಲು. ಸುತ್ತ ಹೊಸ ಬಡಾವಣೆಗಳೆದ್ದು, ಕಟ್ಟಡ ಕಟ್ಟುವವರ ಶೆಡ್ಡುಗಳೆದ್ದು, ಒಂದು ದಿನ ನೋಡಿದರೆ ಅಪ್ಪನ ಸಮಾಧಿಯ ಪಕ್ಕದಲ್ಲೇ ಹೊಸ ಮಣ್ಣಿನ ದಿಬ್ಬ.

"ಅಪ್ಪನ ಮಗ್ಗುಲಿಗೆ ಯಾವನ್ನೋ ತಂದು ಹಾಕಿದ್ದಾರೆ ಕಣೋ. ಯಾವ ಜನವೋ ಏನೋ" ಎಂದು ಶಿವರುದ್ರಪ್ಪ ಕುದಿದುಹೋಗಿದ್ದ. ಹೆಬ್ಬಾಳದ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಬಂದವನು ಊಟ ಬಿಟ್ಟು ತಮ್ಮ ಜನದ ಮನೆಮನೆ ತಿರುಗಿ ಚಂದಾ ಎತ್ತಿದ. ಗೋಡೆ ಐದಡಿ ಸಾಕು ಎಂದವರ ಜೊತೆ ಜಗಳವಾಡಿ ಏಳಡಿ ಮಾಡಿಸಿದ. ಗಾಜು ಅವನದೇ ಯೋಚನೆ. ಬೀಗ ಮಾತ್ರ ಮೃತ್ಯುಂಜಯನ ಹಾರ್ಡ್‌ವೇರ್ ಅಂಗಡಿಯದು.

"ಇದಕ್ಕಿಂತ ದೊಡ್ಡದಿಲ್ವೇನೋ?"

"ಇದು ಗೋಡೌನಿಗೆ ಹಾಕೋ ಬೀಗ ಅಣ್ಣ. ಸತ್ತವರೇನು ಓಡಿಹೋಗ್ತಾರಾ?"

"ಒಳಗಿರೋರ ಯೋಚನೆಯಲ್ಲ ಕಣೋ ನಂಗೆ" ಅಂದಿದ್ದ ಶಿವರುದ್ರಪ್ಪ, ಬೀಗವನ್ನು ಎರಡು ಕೈಯಲ್ಲೂ ತೂಗಿ ನೋಡುತ್ತಾ.

*

ಊರಿನ ಆ ತುದಿಯಿಂದ ಈ ತುದಿಗೆ ಸ್ಕೂಟರ್ ಓಡಿಸಿಕೊಂಡು ಮೃತ್ಯುಂಜಯ ವಿಜಯನಗರ ಸೇರುವಾಗ ಹತ್ತೂವರೆ ದಾಟಿತ್ತು. ಟ್ಯಾಂಕಿನ ಸುತ್ತ ಮೂರು ಮನೆಗಳ ಮೋಲ್ಡಿಂಗ್ ನಡೆಯುತ್ತಿತ್ತು. ಮೂರನೆಯದರಲ್ಲಿ ಸಿಕ್ಕಳು: ಐವತ್ತರ ಆಸುಪಾಸಿನ ಹೆಂಗಸು, ತಲೆಯ ಮೇಲೆ ಕಾಂಕ್ರೀಟಿನ ಬಾಣಲಿ.

"ಬೆಟ್ಟಮ್ಮ ಅಂದ್ರೆ ನೀನೇನಾ? ರುದ್ರಭೂಮಿ ಬೀಗದಕೈ ಎಲ್ಲಿ?"

"ಇಲ್ಲೈತೆ." ಅವಳು ಸೊಂಟಕ್ಕೆ ಸಿಕ್ಕಿಸಿದ್ದ ಸೆರಗಿನ ಗಂಟು ಮುಟ್ಟಿಕೊಂಡಳು. "ಯಾರ್ ಬುದ್ಧಿ ಓಗ್ಬುಟ್ರು?"

"ಶಿವರುದ್ರಪ್ಪ. ನಮ್ಮಣ್ಣ."

ಅವಳು ಬಾಣಲಿಯನ್ನು ಇಳಿಸಿದಳು. ಮೇಲಿನಿಂದ ಮೇಸ್ತ್ರಿ ಕೂಗಿದ, "ಏಯ್, ಕಾಂಕ್ರೀಟ್ ಒಣಗೋಯ್ತದೆ." ಅವಳಿಗೆ ಕೇಳಿಸಿದಂತೆ ಕಾಣಲಿಲ್ಲ.

"ನೆನ್ನೆ ಸಂಜೆ ಗೇಟ್ ತಾವ ನಿಂತ್ಕಂಡು ಮಾತಾಡ್ಸುದ್ರಲ್ಲ. ಕೈಗೆ ಔಷ್ದಿ ಹಚ್ಕೊ ಅಂದ್ರು."

ಮೃತ್ಯುಂಜಯನಿಗೆ ರೇಗಿತು. ಅವನ ಮಂಡಿನೋವನ್ನು ಅಣ್ಣ ವಿಚಾರಿಸಿ ಎಷ್ಟೋ ತಿಂಗಳಾಗಿತ್ತು. "ಕೂತ್ಕೊ ಹಿಂದೆ" ಅಂದ.

"ಸೀರೆ ತುಂಬ ಸಿಮೆಂಟು ಬುದ್ಧಿ. ಗಾಡಿ ಕೊಳೆಯಾಯ್ತದೆ."

"ಕೂತ್ಕೊಳ್ಳಮ್ಮ ತಾಯಿ. ಅಲ್ಲಿ ಅವನು ಕಾಯ್ತಾ ಕೂತಿದ್ದಾನೆ."

ಅವಳು ಸ್ಟೆಪ್ನಿ ಹಿಡಿದು ಒಂದು ಪಕ್ಕಕ್ಕೆ ಕೂತಳು. ದಾರಿಯುದ್ದಕ್ಕೂ ಅವನು ಗೊಣಗಿದ. "ಗೋಡೆ ಕಟ್ಸಿದ್ದೂ ಅವನೇ, ಬೀಗ ಹಾಕ್ಸಿದ್ದೂ ಅವನೇ, ಕೊನೆಗೆ ಬೀಗದಕೈ ಕೊಟ್ಟಿದ್ದೂ ಅವನೇ. ಒಡಹುಟ್ಟಿದೋನಿಗೆ ಒಂದು ಮಾತು ಹೇಳ್ಬಾರ್ದಿತ್ತಾ?"

"ಆ ಗೋಡೆಗೆ ಗಾರೆ ಒತ್ತೋಳು ನಾನೇ ಕನ ಬುದ್ಧಿ" ಅಂದಳು ಬೆಟ್ಟಮ್ಮ. "ಬಾಟ್ಲಿ ಒಡೆದು ಗಾಜು ಚುಚ್ಚುದ್ದೂವೆ."

*

ಹೊರಗಿನವರಿಗಾಗಿ ಮೊದಲ ಸಲ ಶಿವರುದ್ರಪ್ಪ ಗೇಟು ತೆಗೆದದ್ದು ಬೆಟ್ಟಮ್ಮನ ತೀರಿಹೋದ ಮೊಮ್ಮಗುವಿಗೆ. ಗೋಡೆಯಾಚೆ ಮೋರಿ ದಂಡೆಯಲ್ಲಿ ಅವಳು ಕೈಯಲ್ಲೇ ಮಣ್ಣು ಕೆದರುತ್ತಿದ್ದುದನ್ನು ಕಂಡು, ಬೈದು, ಸ್ವಲ್ಪ ದೂರ ಹೋಗಿ, ತಿರುಗಿ ಬಂದು ಬೀಗ ತೆಗೆದಿದ್ದ. "ಆ ಮೂಲೇಲಿ ಮಾಡ್ಕೊ. ಯಾರಿಗೂ ಹೇಳ್ಬೇಡ."

ಮುಂದಿನ ವರ್ಷ ಒಬ್ಬ ಮೇಸ್ತ್ರಿ ಕಟ್ಟಡದ ಸಾರುವೆಯಿಂದ ಬಿದ್ದು ಸತ್ತ. ಬೆಟ್ಟಮ್ಮ ಬೀಗದಕೈ ಕೇಳಲು ಮನೆಗೆ ಬಂದಾಗ ಶಿವರುದ್ರಪ್ಪ ಫಸ್ಟ್ ಶಿಫ್ಟಿನಲ್ಲಿದ್ದ. ಬೀಗದಕೈ ಅವನ ಜೇಬಿನಲ್ಲಿತ್ತು. ಅವನು ಹೆಬ್ಬಾಳದಿಂದ ಬಂದು ಬಸ್ಸಿಳಿದದ್ದು ಮಧ್ಯಾಹ್ನ ಕಳೆದ ಮೇಲೆ. ಹೆಂಡತಿ ಹೇಳಿದ್ದನ್ನು ಕೇಳಿ ಯೂನಿಫಾರ್ಮಿನಲ್ಲೇ ಓಡಿದ.

ಗೇಟಿನ ಮುಂದೆ ನೆರಳಿರಲಿಲ್ಲ. ಹೆಣವನ್ನು ಚಟ್ಟದ ಮೇಲೆ ಇಟ್ಟುಕೊಂಡು ಆರೇಳು ಜನ ಬಿಸಿಲಲ್ಲಿ ಕೂತಿದ್ದರು. ಅವರಿಗಿದ್ದದ್ದು ಒಂದೇ ಕೊಡೆ. ಅದನ್ನು ಸತ್ತವನ ಮುಖಕ್ಕೆ ಹಿಡಿದಿದ್ದರು. ಒಬ್ಬರ ಕೈ ಸೋತರೆ ಇನ್ನೊಬ್ಬರು.

ಯಾರೂ ಬೈಯಲಿಲ್ಲ. ಬೆಟ್ಟಮ್ಮ ಎದ್ದು ನಿಂತು, "ಕೆಲ್ಸ ಮುಗೀತಾ ಬುದ್ಧಿ? ಕಾಪಿ ಕುಡುದ್ರಾ?" ಅಂದಳು.

ಆ ರಾತ್ರಿ ಶಿವರುದ್ರಪ್ಪ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಕಾಫಿ ಕುಡಿದ್ರಾ ಅಂತ ಕೇಳಿದ್ಲು ಕಣೇ" ಅಂದ. ಬೆಳಿಗ್ಗೆ ಬೀಗದಕೈಯನ್ನು ಹೆಂಡತಿಯ ಮುಂದಿಟ್ಟು, ಕಳೆದುಹೋಗದ ಹಾಗೆ ಏನಾದರೂ ದಾರ ಹಾಕಿಕೊಡು ಎಂದ. ಅಂದಿನಿಂದ ತಮ್ಮ ಜನದಲ್ಲಿ ಯಾರ ಮನೆಯಲ್ಲಿ ಸಾವಾದರೂ ಅವನೇ ಮುಂದಾಗಿ ಹೋಗಿ ಬೆಟ್ಟಮ್ಮನಿಂದ ಗೇಟು ತೆಗೆಸಿಡುತ್ತಿದ್ದ. ಕಮಿಟಿಯವರು ಅವನ ಶ್ರದ್ಧೆಯನ್ನು ಮೆಚ್ಚಿ ಒಂದು ಶಾಲು ಕೂಡ ಹೊದಿಸಿದ್ದರು.

*

ಬೆಟ್ಟಮ್ಮ ಬಂದು ಬೀಗ ತೆಗೆದು, ಗುಂಡಿ ತೋಡಿ ಮುಗಿಯುವ ಹೊತ್ತಿಗೆ ನಾಲ್ಕು ಗಂಟೆ. ಅಷ್ಟರಲ್ಲಿ ಚಂದ್ರಮೌಳಿ ಒಳಗೆಲ್ಲ ತಿರುಗಿ ಹೊಂಗೆ ಮರದ ಹಿಂದಿನ ಮೂಲೆ ನೋಡಿಬಿಟ್ಟಿದ್ದ. ಹದಿನೈದಿಪ್ಪತ್ತು ದಿಬ್ಬಗಳು. ಒಂದರ ಮೇಲೆ ಮಗುವಿನ ಬಳೆ, ಒಂದರ ಮೇಲೆ ಎರಡು ಕಡ್ಡಿ ಕಟ್ಟಿದ ಶಿಲುಬೆ.

"ಯಾರಮ್ಮ ಇವ್ರೆಲ್ಲ?"

ಬೆಟ್ಟಮ್ಮ ಕೈ ತೋರಿಸಿ ಹೇಳಿದಳು. "ಇವ್ನು ರಾಯಚೂರ್ ಕಡೆ ಮೇಸ್ತ್ರಿ. ಇದು ತಮಿಳ್ರ ಮಗ. ಇವ್ನು ಒರಿಸ್ಸಾದೋನು, ಎಸ್ರು ಸರ್ಯಾಗಿ ಏಳೋಕೆ ಬರಲ್ಲ ನಂಗೆ."

"ಊರು ಕೇಳ್ಲಿಲ್ಲ ನಾನು. ಯಾವ ಜನ?"

"ಅದ್ ಗೊತ್ತಿಲ್ಲ ಬುದ್ಧಿ. ಕೇಳೋ ಒತ್ಗೆ ಸತ್ತೋಗಿದ್ರು."

"ನಾಳೇನೇ ಕಮಿಟಿ ಕರೀತೀನಿ" ಎಂದು ಚಂದ್ರಮೌಳಿ ಮೃತ್ಯುಂಜಯನ ಕಡೆ ತಿರುಗಿದ. "ಇದನ್ನೆಲ್ಲ ಅಗೆಸಿ ತೆಗೆಸ್ಬೇಕು. ಬೀಗದಕೈ ನಂಗೆ ಕೊಡಿಸ್ಬುಡಿ."

"ಮೊದ್ಲು ಅಣ್ಣನ ಮಣ್ಣು ಮುಗೀಲಿ" ಅಂದ ಮೃತ್ಯುಂಜಯ. ಅವನಿಗೆ ಅಣ್ಣನ ಮೇಲಿನ ಸಿಟ್ಟು ಇಳಿದಿರಲಿಲ್ಲ. ಅದರ ಮೇಲೆ ಇನ್ನೊಂದು ಸಿಟ್ಟು ಕೂತಿತ್ತು, ಯಾರ ಮೇಲೆ ಎಂದು ತಿಳಿಯುತ್ತಿರಲಿಲ್ಲ.

ಶಿವರುದ್ರಪ್ಪನನ್ನು ಗುಂಡಿಯೊಳಗೆ ಇಳಿಸಿ ಕೂರಿಸಿದರು. ಮಠದ ಅಯ್ಯನವರು ಮಂತ್ರ ಶುರುಮಾಡಿದರು. ಪಡುವಣದ ಬಿಸಿಲು ನೇರ ಅವನ ಮುಖಕ್ಕೆ ಹೊಡೆಯುತ್ತಿತ್ತು. ಜನರ ಹಿಂದೆ ನಿಂತಿದ್ದ ಬೆಟ್ಟಮ್ಮ ಪಕ್ಕದವರ ಕೈಯಿಂದ ಕೊಡೆ ಇಸಿದುಕೊಂಡು, ಗುಂಡಿಯ ಅಂಚಿಗೆ ಬಂದು, ಬಗ್ಗಿ ಹಿಡಿದಳು.

"ಇನ್ನೊಂದು ಗಳಿಗೆಗೆ ಮಣ್ಣು ಮುಚ್ತಾರೆ, ಈಗ್ಯಾಕಮ್ಮ ಕೊಡೆ?" ಚಂದ್ರಮೌಳಿ ರೇಗಿದ.

"ಅಲ್ಲೀಗಂಟ ಬಿಸ್ಲು ಐತಲ್ಲ ಬುದ್ಧಿ."

ಪ್ರೇಮಲೀಲಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬೆಳಗಿನಿಂದ ತಡೆದದ್ದು ಆಗ ಹೊರಬಂತು. ಅಯ್ಯನವರು ಒಂದು ಕ್ಷಣ ನಿಲ್ಲಿಸಿ, ಕೊಡೆಯ ಕಡೆ ನೋಡಿ, ಮಂತ್ರ ಮುಂದುವರಿಸಿದರು. ಬೆಟ್ಟಮ್ಮನ ಕೈ ಸೋಲತೊಡಗಿತು. ಮೃತ್ಯುಂಜಯ ಹೋಗಿ ಅವಳ ಕೈಯಿಂದ ಕೊಡೆ ತೆಗೆದುಕೊಂಡ. ವಿಭೂತಿ, ಬಿಲ್ವಪತ್ರೆ ಪೇಟದ ಮೇಲೆ ಬೀಳುವವರೆಗೂ ಹಿಡಿದೇ ನಿಂತಿದ್ದ.

ಎಲ್ಲರೂ ಹೊರಬಂದ ಮೇಲೆ ಚಂದ್ರಮೌಳಿ ಕೈ ಚಾಚಿದ. ಬೆಟ್ಟಮ್ಮ ಸೆರಗಿನ ಗಂಟು ಬಿಚ್ಚಿ, ಅರಿಶಿನ ಮಾಸಿದ ದಾರ ಹಿಡಿದು, ಬೀಗದಕೈಯನ್ನು ಮೃತ್ಯುಂಜಯನಿಗೆ ಕೊಟ್ಟಳು. ಅವನು ಬೀಗ ಹಾಕಲಿಲ್ಲ. ಬೀಗವನ್ನೂ ಬೀಗದಕೈಯನ್ನೂ ಒಟ್ಟಿಗೆ ಸ್ಕೂಟರಿನ ಡಿಕ್ಕಿಗೆ ಹಾಕಿ ಮುಚ್ಚಿದ.

"ಏನ್ರೀ ಇದು?"

"ಅಣ್ಣನ ಬೀಗ. ಮನೇಲಿಡ್ತೀನಿ."

"ಇಟ್ಕೊಳ್ಳಿ. ನಾಳೆ ನಿಮ್ಮಂಗಡೀಲೇ ಹೊಸದು ತಗೋತೀನಿ."

"ಬೀಗ ಸ್ಟಾಕಿಲ್ಲ."

"ಬಾಗಿಲಲ್ಲೇ ಸಾಲಾಗಿ ನೇತಾಕಿದ್ದೀರಲ್ರೀ."

"ಅದು ಮಾರಾಟಕ್ಕಲ್ಲ. ಮೂಲೇಲಿರೋರನ್ನ ಅಗೆಸೋಕೆ ಗುದ್ದಲಿ ಬೇಕಂದ್ರೂ ನನ್ನಂಗಡಿ ಕಡೆ ಬರ್ಬೇಡಿ. ಅದೂ ಇಲ್ಲ."

ಚಂದ್ರಮೌಳಿ ಟವೆಲ್ ಒದರಿ ಹೆಗಲಿಗೆಸೆದುಕೊಂಡು ಹೊರಟುಹೋದ.

ದನ ನುಗ್ಗದಿರಲೆಂದು ಬೆಟ್ಟಮ್ಮ ಸೊಂಟದಿಂದ ಒಂದು ತುಂಡು ಕಟ್ಟುತಂತಿ ತೆಗೆದು ಗೇಟಿನ ಎರಡು ಸರಳಿಗೆ ಸುತ್ತಿದಳು, ಯಾರ ಕೈಗಾದರೂ ಬಿಚ್ಚುವಷ್ಟು ಸಡಿಲವಾಗಿ. ಮೃತ್ಯುಂಜಯ ಅತ್ತಿಗೆಯನ್ನು ಹಿಂದೆ ಕೂರಿಸಿಕೊಂಡು ಸ್ಕೂಟರ್ ಹೊರಡಿಸಿದ. ರಸ್ತೆಯ ಒಂದೊಂದು ಉಬ್ಬಿಗೂ ಡಿಕ್ಕಿಯೊಳಗೆ ಬೀಗ ಧಡ್ ಧಡ್ ಎಂದು ಹೊರಳಾಡುತ್ತಿತ್ತು.