ರಹಮತ್ ಸೈಕಲ್ ಹತ್ತಿದ್ದು

ಆ ಬಲಗಾಲು, ಹಿಂದಿನಿಂದ ಎತ್ತಿ ಸೀಟಿನ ಮೇಲೆ ಹಾಯಿಸಿದಳಲ್ಲ, ಅದು ಕಣ್ಣಿನಿಂದ ಹೋಗುತ್ತಲೇ ಇಲ್ಲ, ಎಡಗಾಲು ಪೆಡಲಿನ ಮೇಲೆ, ಬಲಗಾಲಿನಿಂದ ನೆಲಕ್ಕೆ ಎರಡು ಒದೆ, ಮೂರನೆಯದಕ್ಕೆ ಹಾರಿ ಕೂತಳು, ಹೊರಟೇಬಿಟ್ಟಳು, ನನ್ನ ಹೆಂಡತಿ ರಹಮತ್ ಬೀ, ಐವತ್ತೇಳು ವರ್ಷದವಳು, ಓಢಣಿಯ ಮೇಲೆ ಹೆಲ್ಮೆಟ್ ಬಿಗಿದುಕೊಂಡು — ಬಾಡಿಗೆಯವರು ಕೊಟ್ಟದ್ದು ಲೇಡೀಸ್ ಸೈಕಲ್, ನಡುವೆ ದಂಡವೇ ಇಲ್ಲ, ಮುಂದಿನಿಂದ ಕಾಲು ತೂರಿಸಿದ್ದರೆ ಸಾಕಿತ್ತು, ಆದರೆ ಮೈ ಕಲಿತದ್ದನ್ನು ಮೈ ಬಿಡುವುದಿಲ್ಲ, ಹಾಗೆ ಹತ್ತುವವರು ಜೆಂಟ್ಸ್ ಸೈಕಲಿನ ಮೇಲೆ ಕಲಿತವರು, ಅದೂ ಚಿಕ್ಕಂದಿನಲ್ಲಿ, ದಂಡದ ಕೆಳಗೆ ಕಾಲು ತೂರಿಸಿ ಕತ್ತರಿ ಹೊಡೆದು, ಮೊಣಕಾಲು ಕೆತ್ತಿಸಿಕೊಂಡು, ಆಮೇಲೆ ಸೀಟಿಗೆ ಏರಿದವರು, ಇದು ನನಗೆ ಗೊತ್ತಾಗದೆ ಇನ್ನಾರಿಗೆ ಗೊತ್ತಾಗಬೇಕು, ರಾಣೆಬೆನ್ನೂರಿನಲ್ಲಿ ಮೂವತ್ತು ವರ್ಷ ಸತ್ತಾರ್ ಸೈಕಲ್ ಮಾರ್ಟ್ ನಡೆಸಿದವನು ನಾನು, ಇಪ್ಪತ್ತೆರಡು ಸೈಕಲ್ ತಾಸಿನ ಬಾಡಿಗೆಗೆ ಬಿಟ್ಟವನು, ಅರ್ಧ ಊರಿನ ಮಕ್ಕಳು ನನ್ನ ಸೈಕಲಿನಿಂದ ಬಿದ್ದೇ ಕಲಿತದ್ದು, ಹತ್ತುವ ರೀತಿ ನೋಡಿ ಎಲ್ಲಿ ಕಲಿತಿ, ಯಾವ ಸೈಜಿನ ಮೇಲೆ ಕಲಿತಿ ಅಂತ ಹೇಳುತ್ತಿದ್ದೆ, ಜನ ಬಾಯಿ ಬಿಡುತ್ತಿದ್ದರು, ಮನೆಯೊಳಗಿನವಳದ್ದು ಮಾತ್ರ ಮೂವತ್ತೆಂಟು ವರ್ಷ ಗೊತ್ತಾಗಲಿಲ್ಲ. ಮಗ ಮುಜಮ್ಮಿಲ್ ಪಾಪ ಜೋಡಿ ಸೀಟಿನದ್ದನ್ನು ಬುಕ್ ಮಾಡಿದ್ದ, ಅಬ್ಬಾ ಮುಂದ ಕುಂದ್ರಲಿ, ಅಮ್ಮಿ ಹಿಂದ ಸುಮ್ಮನ ಕಾಲಾಡಿಸಲಿ ಅಂದ, ಇವಳು ಅದರ ಸುತ್ತ ಒಂದು ಸಲ ತಿರುಗಿ, ಇದು ಬ್ಯಾಡಪಾ, ಆ ನೀಲಿದು ಕೊಡಸು ಅಂದಳು, ನಾನು ನಕ್ಕೆ, ಬಿದ್ದರೆ ಹಿಡಿಯಬೇಕಲ್ಲ ಎಂದು ಕ್ಯಾರಿಯರ್ ಹಿಡಿಯಲು ಕೈ ಚಾಚಿದೆ, ಚಾಚಿದ ಕೈ ಹಾಗೇ ಉಳಿಯಿತು.

ಎಷ್ಟು ಸದ್ದಿಲ್ಲದ ದಾರಿ, ಹಿಂದೆ ರೈಲು ಓಡುತ್ತಿತ್ತಂತೆ, ಹಳಿ ಕಿತ್ತು ಸಣ್ಣ ಜಲ್ಲಿ ಹಾಸಿ ಸೈಕಲ್ಲಿಗೆ, ನಡೆಯುವವರಿಗೆ ಬಿಟ್ಟಿದ್ದಾರೆ, ಕಾರಿಲ್ಲ, ಲಾರಿಯಿಲ್ಲ, ಒಂದು ಪಕ್ಕ ಗುಡ್ಡ, ಇನ್ನೊಂದು ಪಕ್ಕ ಕೆಳಗೆ ಹೊಳೆ — ಹೋದ ವರ್ಷ ಮುಜಮ್ಮಿಲ್ ಗೆಳೆಯರ ಸಂಗಡ ಫ್ರಾನ್ಸಿಗೆ ಹೋಗಿ ಅಲ್ಲಿನ ಹಳ್ಳಿಗಾಡಿನ ಗುಡ್ಡಗಳಲ್ಲಿ ಹತ್ತು ದಿನ ಸೈಕಲ್ ಹೊಡೆದು ಬಂದಿದ್ದ, ಫೋನಿನಲ್ಲಿ ಒಂದೇ ವರ್ಣನೆ, ಅಬ್ಬಾ, ಇಡೀ ದಿನಕ್ಕ ನಾಕು ಗಾಡಿ ಕಂಡ್ರ ಹೆಚ್ಚು, ನಿಮ್ಮಂಥವರು ನೋಡಬೇಕು ಅಂಥಾ ದಾರಿ, ನಾನು ಮೊದಲು ನೀ ಇರೋ ಆಕ್ಲೆಂಡ್ ತೋರಸೋ ಅಂದಿದ್ದೆ, ಹಾಗೆ ಬಂದವರು ನಾವು, ಆ ಊರಿನ ಬಾಟನಿ ಡೌನ್ಸ್ ಬಡಾವಣೆಯ ಅವನ ಮನೆಯಲ್ಲಿ ಎರಡು ತಿಂಗಳು ಮಾಲ್ ಸುತ್ತಿ ಸಾಕಾಗಿದ್ದಾಗ, ಫ್ರಾನ್ಸ್ ಇಲ್ಲದಿದ್ದರ ಇಲ್ಲೇ ಹತ್ತರದ ಕರಂಗಹಾಕೆ ಕಣಿವಿಗೆ ಆದರೂ ನಡೀರಿ ಅಂದ, ಈಗ ಅವನು ಮುಂದೆ ಎಲ್ಲೋ ಹೋಗಿಬಿಟ್ಟಿದ್ದಾನೆ, ನಡುವೆ ಇವಳು, ಹಿಂದೆ ನಾನು, ಏದುಸಿರು ಬಿಡುತ್ತ, ನಾಚಿಕೆಯಾಗುತ್ತದೆ, ಹೌದು, ನಾಚಿಕೆಯೇ, ಅವಳ ಬೆನ್ನು ನೋಡು, ನೆಟ್ಟಗಿದೆ, ಹ್ಯಾಂಡಲ್ ಅಲುಗುವುದಿಲ್ಲ, ಏರಿನಲ್ಲಿ ಸೀಟಿನಿಂದ ಎದ್ದು ತುಳಿಯುತ್ತಾಳೆ, ಇಳಿಜಾರಿನಲ್ಲಿ ಪೆಡಲ್ ಬಿಟ್ಟು ತೇಲುತ್ತಾಳೆ, ಬ್ಯಾಡಗಿಯವಳು, ಅವಳ ಅಪ್ಪ ಪೋಸ್ಟ್‌ಮನ್, ಅಯ್ಯೋ, ಪೋಸ್ಟ್‌ಮನ್ನನ ಮನೆಯಲ್ಲಿ ಸೈಕಲ್ ಇಲ್ಲದೆ ಇರುತ್ತದೆಯೇ, ಸಂಜೆ ಅಪ್ಪ ಗೋಡೆಗೆ ಒರಗಿಸಿದ್ದನ್ನು ಹುಡುಗಿ ಕದ್ದು ಒಯ್ದಿರಬೇಕು, ಇಷ್ಟು ಸಣ್ಣ ಲೆಕ್ಕ ನನಗೆ ಹೊಳೆಯಲಿಲ್ಲ. ಹೊಳೆಯಲು ನಾನು ಎಲ್ಲಿ ಬಿಟ್ಟೆ, ಮದುವೆಯಾದ ವಾರದಲ್ಲೇ, ಅವಳು ಅಂಗಡಿಗೆ ಚಹಾ ತಂದವಳು ಒಂದು ಸೈಕಲಿನ ಬೆಲ್ ಮುಟ್ಟಿದ್ದಕ್ಕೆ, ಮೀಸೆ ಬೇರೆ ಹೊಸದಾಗಿ ಬಿಟ್ಟಿದ್ದೆ, ಹೇಳಿದೆನಲ್ಲ, ನಮ್ಮ ಮನಿ ಹೆಣಮಕ್ಕಳು ಸೈಕಲ್ ಮುಟ್ಟಂಗಿಲ್ಲ, ಬಾಡಿಗಿ ಅಂಗಡಿಯವನ ಹೆಂಡ್ತಿ ರಸ್ತೆದಾಗ ಅಡ್ಡಾಡಾಕತ್ಯಾಳ ಅಂತ ಊರು ನಗತೈತಿ, ಅವಳು ಬೆಲ್ಲಿನಿಂದ ಕೈ ತೆಗೆದಳು, ಆಯ್ತ್ರಿ ಅಂದಳು, ಅಷ್ಟೆ. ಮಗಳು ಅಮ್ನಾ ಏಳನೆ ಇಯತ್ತೆಯಲ್ಲಿ ಓದುತ್ತಿದ್ದಾಗ ಸೈಕಲಿಗೆ ಹಟ ಹಿಡಿದು ಅತ್ತದ್ದು, ನಾನು ಬೇಡವೆಂದದ್ದು, ಇವಳು ಒಳಬಾಗಿಲಲ್ಲಿ ನಿಂತು, ಕಲೀಲಿ ಬಿಡ್ರಿ, ಎರಡು ದಿನ ಬೀಳತಾಳ, ಆಮ್ಯಾಲ ಬರತೈತಿ ಅಂದದ್ದು, ನಾನು ಗಿರಾಕಿಗಳ ಎದುರೇ, ನಿನಗೇನ ಗೊತ್ತು ಸೈಕಲ್ ವಿಷಯ, ಒಳಗ ನಡಿ. ನಾಲ್ಕು ಜನ ನಕ್ಕರು, ನಾನೂ ನಕ್ಕೆ, ಅವಳು ಒಳಗೆ ಹೋದಳು.

ಇದು ಸುರಂಗ, ರೈಲಿನ ಕಾಲದ್ದು, ಒಂದು ಕಿಲೋಮೀಟರಿಗೂ ಹೆಚ್ಚು ಅಂತ ಮುಜಮ್ಮಿಲ್ ಹೇಳಿದ್ದ, ಸುರಂಗದ ಬಾಯಲ್ಲಿ ನಮಗಾಗಿ ಕಾಯುತ್ತ ನಿಂತಿದ್ದಾನೆ, ಅಮ್ಮಿಯನ್ನು ನೋಡಿ ಕಣ್ಣು ಇಷ್ಟಗಲ, ಯಾವಾಗ ಕಲತ್ರಿ ಅಮ್ಮಿ, ಅವಳು ಏನೋ ಅಂದಳು, ಅವನು ಕತ್ತು ತಿರುಗಿಸಿ ಬಲಗಿವಿ ಕೊಟ್ಟ, ಎಡಗಿವಿ ಕೇಳುವುದಿಲ್ಲ ಅವನಿಗೆ, ಮೂರು ವರ್ಷದವನಿದ್ದಾಗ ಮೆದುಳು ಜ್ವರ ಬಂದು ಹೋದದ್ದು, ಹಾಗೆ ಕತ್ತು ತಿರುಗಿಸುವುದು ನೋಡಿದಾಗಲೆಲ್ಲ ನನಗೆ — ಬೇಡ, ಒಳಗೆ ನಡಿ, ತಂಪು, ಅಲ್ಲೊಂದು ಇಲ್ಲೊಂದು ದೀಪ, ಮುಂದೆ ಇವಳ ಸೈಕಲಿನ ಕೆಂಪು ಬೆಳಕು, ಚೈನಿನ ಸದ್ದು ಮಾತ್ರ — ಆ ವರ್ಷದ ಏಪ್ರಿಲ್ ತಿಂಗಳು, ಊರು ಬಂದ್, ಹಿಂದಿನ ದಿನ ಬಿಡಿಭಾಗ ತರಲು ದಾವಣಗೆರೆಗೆ ಹೋದವನು ಬಸ್ಸಿಲ್ಲದೆ ಅಲ್ಲೇ ಸಿಕ್ಕಿಬಿದ್ದಿದ್ದೆ, ಇಲ್ಲಿ ಮಗುವಿಗೆ ಜ್ವರ, ಆಟೋ ಇಲ್ಲ, ಟಾಂಗಾ ಇಲ್ಲ, ನೆರೆಯವರು ಬಾಗಿಲು ತೆಗೆಯಲಿಲ್ಲ, ಮಟಮಟ ಮಧ್ಯಾಹ್ನ ಮೂರೂವರೆ ಮೈಲಿ ಅವನನ್ನು ಹೆಗಲ ಮೇಲೆ ಹಾಕಿಕೊಂಡು ದವಾಖಾನೆಗೆ ನಡೆದುಹೋದಳು, ಬರಿಗಾಲಿನಲ್ಲಿ, ಚಪ್ಪಲಿ ದಾರಿಯಲ್ಲೇ ಹರಿದಿತ್ತು, ಜೀವ ಉಳಿಯಿತು, ಕಿವಿ ಹೋಯಿತು, ಇನ್ನಷ್ಟು ಬೇಗ ಬಂದಿದ್ದರೆ ನೋಡಬಹುದಿತ್ತು ಅಂದರು ಡಾಕ್ಟರು, ನಾನು ಮರುದಿನ ಬಂದು ಮಗುವಿನ ಮಂಚದ ಪಕ್ಕ ನಿಂತು ಏನಂದೆ, ಅಲ್ಲಾ, ಯಾಕಂದೆ, ತಡಾ ಮಾಡಿದಿ ನೀನು ಅಂದೆ, ಅವಳು ಗುಳ್ಳೆ ಎದ್ದ ಅಂಗಾಲುಗಳನ್ನು ಒಳಗೆ ಎಳೆದುಕೊಂಡು ಕೂತಳು. ಒಂದು ಸಲವಲ್ಲ, ಜಗಳ ಬಂದಾಗಲೆಲ್ಲ ಅಂದಿದ್ದೇನೆ, ತಡಾ ಮಾಡಿದಿ, ತಡಾ ಮಾಡಿದಿ. ದವಾಖಾನೆಯಿಂದ ಬಂದ ಆ ಸಂಜೆ ಅಂಗಡಿಯ ಬಾಗಿಲು ತೆಗೆದರೆ ಏಳನೆ ನಂಬರಿನ ಸೈಕಲ್ ಸಾಲು ಬಿಟ್ಟು ಮುಂದೆ ಬಂದಿತ್ತು, ಮುಖ ಬೀದಿಯ ಕಡೆಗೆ, ಕ್ಯಾರಿಯರ್‌ಗೆ ಹಸಿರು ಬಟ್ಟೆಯೊಂದು ಎರಡು ಸುತ್ತು ಬಿಗಿಯಾಗಿ ಕಟ್ಟಿತ್ತು, ಯಾವನೋ ಬಾಡಿಗೆಯವನು ಮೂಟೆ ಕಟ್ಟಿ ಬಿಟ್ಟದ್ದು ಅಂದುಕೊಂಡೆ.

ಬೆಳಕು, ಹೊರಗೆ ಬಂದೆವು, ಸೇತುವೆ, ಮುಜಮ್ಮಿಲ್ ದೂರದಲ್ಲಿ ಫೋಟೊ ತೆಗೆಯುತ್ತಿದ್ದಾನೆ, ಇವಳು ಇಳಿದು ಹ್ಯಾಂಡಲ್ ಹಿಡಿದು ನಿಂತಿದ್ದಾಳೆ, ಮುಖ ಕೆಂಪಗಾಗಿದೆ, ಈ ಮುಖ ನಾನು ನೋಡಿಯೇ ಇಲ್ಲ, ಕೇಳಬೇಡವೋ ಸತ್ತಾರ್, ಕೇಳಬೇಡ, ಆದರೆ ಬಾಯಿ ಕೇಳಿಬಿಟ್ಟಿತು, ರಹಮತ್, ಆ ಬಂದ್ ದಿವಸ, ಏಳನೆ ನಂಬರು, ನೀನ ತಗದಿದ್ದಿ ಏನು? ಹೊಳೆ ನೋಡುತ್ತಲೇ ಹೇಳಿದಳು, ಸಿಟ್ಟಿಲ್ಲ, ಅಳುವಿಲ್ಲ, ಹೂಂ ರಿ, ತಗದಿದ್ದೆ, ನನ್ನ ಓಢಣೀಲೆ ಅವನ್ನ ಕ್ಯಾರಿಯರ್‌ಗೆ ಕಟ್ಟಿದ್ದೆ, ಒಂದು ಕಾಲು ಪೆಡಲ್ ಮ್ಯಾಲೆ ಇಟ್ಟಿದ್ದೆ, ನಿಮ್ಮ ಮಾರಿ ನೆನಪಾತು, ಮೂರೂವರೆ ಮೈಲಿ ಅಷ್ಟ ಅಲ್ಲಾ, ನಡದರಾತು ಅಂದ್ಕೊಂಡು ಮಗೂನ್ನ ಬಿಚ್ಚಿ ತಗೊಂಡೆ, ಕ್ಯಾರಿಯರಿನ ಗಂಟು ಬಿಚ್ಚಾಕ ಹೊತ್ತಿರಲಿಲ್ಲ. ಅಷ್ಟು ಹೇಳಿ ಎಡಗಾಲು ಪೆಡಲಿಗೆ ಇಟ್ಟಳು, ಎರಡು ಒದೆ, ಹೋದಳು, ಸೇತುವೆಯ ಹಲಗೆಗಳು ಒಂದೊಂದೇ ಸದ್ದು ಮಾಡಿದವು, ನಾನು ಹೋಗಬೇಕು, ಅವಳ ಹಿಂದೆ ಹೋಗಿ ತಪ್ಪಾಯ್ತು ಅನ್ನಬೇಕು, ಯಾವ ಮಾತಿನಲ್ಲಿ ಅನ್ನಲಿ, ಆ ಹಸಿರು ಬಟ್ಟೆ, ಸಣ್ಣ ಬಿಳಿ ಚುಕ್ಕೆಯದು, ಗಂಟು ಬಿಗಿಯಾಗಿತ್ತು, ಹಲ್ಲಿನಿಂದ ಬಿಚ್ಚಿದೆ, ಬಟ್ಟೆ ಒಳ್ಳೆಯದಿದೆ ಅಂದುಕೊಂಡೆ, ಎರಡು ತುಂಡು ಮಾಡಿದೆ, ಒಂದನ್ನು ಮೊಳೆಗೆ ಸಿಕ್ಕಿಸಿದೆ, ಇನ್ನೊಂದರಿಂದ ಕೈಗೆ ಹತ್ತಿದ ಗ್ರೀಸ್ ಒರೆಸಿಕೊಂಡೆ, ಆ ಸಂಜೆ ಒರೆಸಿಕೊಂಡೆ, ಮರುದಿನ ಒರೆಸಿಕೊಂಡೆ, ಮಳೆಗಾಲ ಮುಗಿಯುವ ತನಕ ದಿನಾ ಅದರಿಂದಲೇ, ಬೆರಳು ಬೆರಳಿನ ಸಂದಿ ಬಿಡದೆ, ಒರೆಸಿಕೊಂಡೆ.