ಮೀನಿನ ಪೆಟ್ಟಿಗೆಯ ಮಂಜುಗಡ್ಡೆ

ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ ಎಂಬ ಸುದ್ದಿ ಬಂದ ದಿನವೇ ನಾನು ನೀಲಿ ಬ್ಯಾಗನ್ನು ಸಜ್ಜೆಯಿಂದ ಇಳಿಸಿದೆ. ಟಾರ್ಚು, ಬ್ಯಾಟರಿ, ಮೇಣದ ಬತ್ತಿ, ಬಿಸ್ಕತ್ತು, ಹುರಿದ ಅವಲಕ್ಕಿ, ಅತ್ತೆಯ ಮಾತ್ರೆಗಳು, ಸಕ್ಕರೆ ನೋಡುವ ಯಂತ್ರ ಎಲ್ಲವನ್ನೂ ಬೇರೆ ಬೇರೆ ಚೀಲಗಳಲ್ಲಿ ಕಟ್ಟಿ ಅದರೊಳಗಿಟ್ಟೆ. ಬ್ಯಾಗನ್ನು ಬಾಗಿಲ ಪಕ್ಕದಲ್ಲಿ ಇರಿಸಿದೆ.

"ಇದೇನವಾ, ಯಾರು ಊರಿಗೆ ಹೊಂಟೀರಿ?" ಎಂದರು ಅತ್ತೆ ಶಾಂತಮ್ಮ.

"ಯಾರೂ ಹೋಗ್ತಿಲ್ಲ ಅತ್ತೆ. ಸೈಕ್ಲೋನ್ ಬರ್ತಿದೆ. ಕರೆಂಟು ಹೋದ್ರೆ ಬೇಕಾಗತ್ತೆ."

"ಬಾಗಿಲದಾಗ ಗಂಟು ಇಟ್ರ ಮನಿ ಬಿಟ್ಟು ಹೊಂಟಂಗ ಕಾಣ್ತೈತಿ. ಒಳಗ ಇಡು."

ಒಳಗಿಟ್ಟೆ. ಒಳಗಿಟ್ಟದ್ದೇ ತಪ್ಪಾಯಿತು. ಬಾಗಿಲ ಬಳಿ ಇದ್ದಿದ್ದರೆ ಅದಕ್ಕೆ ಕೈ ಹಾಕುವವರು ನನ್ನ ಕಣ್ಣಿಗೆ ಬೀಳುತ್ತಿದ್ದರು. ಮರುದಿನ ನೋಡಿದರೆ ಬ್ಯಾಟರಿಗಳಿಲ್ಲ. ನನ್ನ ಗಂಡ ಚಂದ್ರಹಾಸ ಅವನ್ನು ಟಿವಿಯ ರಿಮೋಟಿಗೆ ಹಾಕಿಕೊಂಡಿದ್ದರು, ಚಂಡಮಾರುತದ ಸುದ್ದಿ ನೋಡುವುದಕ್ಕೆ. ಬಿಸ್ಕತ್ತಿನ ಪೊಟ್ಟಣ ಖಾಲಿಯಾಗಿತ್ತು. ಒಂಬತ್ತನೇ ತರಗತಿಯ ಮಗಳು ಪೂರ್ವಿಯನ್ನು ಕೇಳಿದರೆ, "ಅಮ್ಮಾ, ಎಮರ್ಜೆನ್ಸಿ ಥಾ. ಮುಝೆ ಭೂಖ್ ಲಗೀ ಥೀ," ಎಂದಳು; ಹಸಿವಾಗಿತ್ತಂತೆ. ಅವಳಪ್ಪ ನಕ್ಕರು. ನನಗೆ ನಗು ಬರಲಿಲ್ಲ.

ನನಗೆ ಬ್ಯಾಟರಿಯ ಚಿಂತೆಯಲ್ಲ, ಬಿಸ್ಕತ್ತಿನದೂ ಅಲ್ಲ. ಚಿಂತೆ ಅತ್ತೆಯ ಇನ್ಸುಲಿನ್ನಿನದು. ಆಂಫಾನ್ ಚಂಡಮಾರುತ ಬಂದಾಗ ಕೊಲ್ಕತ್ತಾದ ನಮ್ಮ ಬಾಲಿಗಂಜ್‌ನ ಈ ಬೀದಿಯಲ್ಲಿ ದಿನಗಟ್ಟಲೆ ಕರೆಂಟಿರಲಿಲ್ಲ. ಫ್ರಿಜ್ಜು ಬೀರುವಿನಷ್ಟೇ ಬಿಸಿಯಾಗಿತ್ತು. ಆ ಸೆಕೆಯಲ್ಲಿ ಕೆಟ್ಟ ಔಷಧಿಯನ್ನೇ ನಾವು ಗೊತ್ತಿಲ್ಲದೆ ಚುಚ್ಚುತ್ತಿದ್ದೆವು. ಅತ್ತೆಯ ಸಕ್ಕರೆ ಏರುತ್ತಾ ಹೋಗಿ ಮಾತು ತೊದಲತೊಡಗಿತು. ರಸ್ತೆಗೆ ಅಡ್ಡವಾಗಿ ಮರಗಳು ಬಿದ್ದಿದ್ದರಿಂದ ಆಂಬುಲೆನ್ಸ್ ಒಳಗೆ ಬರಲಿಲ್ಲ. ಚಂದ್ರಹಾಸ ಮತ್ತು ಪಕ್ಕದ ಫ್ಲ್ಯಾಟಿನವರು ಅವರನ್ನು ಕುರ್ಚಿಯಲ್ಲಿ ಕೂರಿಸಿ, ಬಿದ್ದ ಮರಗಳ ಕೊಂಬೆಗಳ ಮೇಲಿಂದ ಎತ್ತಿ ದಾಟಿಸಿಕೊಂಡು ದೊಡ್ಡ ರಸ್ತೆಗೆ ಹೊತ್ತೊಯ್ದರು. ಆ ಕುರ್ಚಿಯಿಂದ ಜೋಲಾಡುತ್ತಿದ್ದ ಕೈ ನನಗೆ ಇವತ್ತಿಗೂ ಕಾಣುತ್ತದೆ. ಮನೆಯಲ್ಲಿ ಬೇರೆ ಯಾರಿಗೂ ಅದು ಕಾಣುವುದಿಲ್ಲ ಎನಿಸುತ್ತದೆ. ಅತ್ತೆಯೇ ಅದನ್ನು ಬಂದವರ ಮುಂದೆ ಮೆರವಣಿಗೆಯ ಹಾಗೆ ವರ್ಣಿಸುತ್ತಾರೆ.

ಅದಕ್ಕೇ ಈ ಸಲ ಪ್ಲಾಸ್ಟಿಕ್ ಬಾಟಲಿಗಳಲ್ಲಿ ನೀರು ತುಂಬಿ ಫ್ರೀಜರ್‌ನಲ್ಲಿ ಒತ್ತೊತ್ತಾಗಿ ಜೋಡಿಸಿದ್ದೆ. ಎಲ್ಲವೂ ಕಲ್ಲಿನಂತೆ ಗಟ್ಟಿಯಾಗಿದ್ದವು. ಕರೆಂಟು ಹೋದ ಕೂಡಲೇ ಅವನ್ನು ಬಕೆಟ್ಟಿನಲ್ಲಿಟ್ಟು, ಕಂಬಳಿ ಸುತ್ತಿ, ಮಧ್ಯದಲ್ಲಿ ಟವೆಲ್ಲಿನಲ್ಲಿ ಸುತ್ತಿದ ಇನ್ಸುಲಿನ್ ಪೆನ್ನುಗಳ ಡಬ್ಬಿ ಇಡುವುದೆಂದು ಯೋಚಿಸಿದ್ದೆ. ಮಂಜುಗಡ್ಡೆ ನೇರವಾಗಿ ತಾಗಬಾರದು, ತಾಗಿದರೆ ಹೆಪ್ಪುಗಟ್ಟಿ ಔಷಧಿ ಕೆಡುತ್ತದೆ ಎಂದು ಮೂವರಿಗೂ ಹೇಳಿದ್ದೆ. ಮೂವರೂ ಹೂಂ ಎಂದಿದ್ದರು.

ಗಾಳಿ ಬರಬೇಕಾಗಿದ್ದ ದಿನ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಹೊರಗೆ ಬಂದಾಗ ಅಡುಗೆಮನೆಯ ಸಿಂಕಿನಲ್ಲಿ ನನ್ನ ಬಾಟಲಿಗಳೆಲ್ಲ ತಲೆಕೆಳಗಾಗಿ ನಿಂತಿದ್ದವು. ಅತ್ತೆ ಅವುಗಳ ಮೇಲೆ ಬಿಸಿನೀರು ಸುರಿಯುತ್ತಿದ್ದರು. ಒಳಗಿನ ಮಂಜುಗಡ್ಡೆ ಕರಗಿ ಗಳಗಳ ಇಳಿಯುತ್ತಿತ್ತು.

"ಅತ್ತೆ! ಏನು ಮಾಡ್ತಿದ್ದೀರಿ?"

"ನಿನ್ನಿ ನೀರು ಚೆಲ್ಲಾಕತ್ತೀನಿ."

ನಾನು ಇದನ್ನು ಊಹಿಸಬೇಕಾಗಿತ್ತು. ಧಾರವಾಡದ ಅತ್ತೆಯ ಮನೆಯಲ್ಲಿ ಬೆಳಗಾದರೆ ಮೊದಲ ಕೆಲಸ ಕೊಡ, ತಂಬಿಗೆ, ಹಂಡೆಗಳಲ್ಲಿ ಉಳಿದ ನೀರನ್ನು ಚೆಲ್ಲಿ, ತೊಳೆದು, ಹೊಸ ನೀರು ತುಂಬುವುದು. ಕೊಲ್ಕತ್ತಾಕ್ಕೆ ಬಂದ ಮೇಲೂ ಅತ್ತೆ ಅದನ್ನು ಬಿಟ್ಟಿಲ್ಲ. ನಿನ್ನೆಯ ನೀರು ಮನೆಯಲ್ಲಿ ಇರಬಾರದು.

"ಅದು ನೀರಲ್ಲ ಅತ್ತೆ, ಐಸು. ನಿಮ್ಮ ಇನ್ಸುಲಿನ್ನಿಗೆ ಇಟ್ಟಿದ್ದು."

"ನಿನ್ನಿ ನೀರು ಕಲ್ಲಾದ್ರ ಹೊಸಾದು ಆಕ್ಕೈತೇನ? ಸುಮ್ಮನ ಚೀರಬ್ಯಾಡ. ಹೊಸಾ ನೀರು ತುಂಬಿ ಮತ್ತ ಅಲ್ಲೇ ಇಡ್ತೀನಿ."

ತುಂಬಿದರು, ಒರೆಸಿದರು, ನಾನು ಜೋಡಿಸಿದ್ದಕ್ಕಿಂತ ಚೆಂದವಾಗಿ ಫ್ರೀಜರ್‌ನಲ್ಲಿ ಜೋಡಿಸಿದರು. ಮಧ್ಯಾಹ್ನದ ಹೊತ್ತಿಗೆ ಮುನ್ನೆಚ್ಚರಿಕೆ ಎಂದು ಇಡೀ ಪ್ರದೇಶದ ಕರೆಂಟು ತೆಗೆದರು. ಬಾಟಲಿಯ ನೀರು ತಣ್ಣಗಾಗಿತ್ತು, ಅಷ್ಟೇ.

"ನೀನು ಅವ್ವಗ ಮೊದಲ ಹೇಳಬೇಕಿತ್ತು," ಎಂದರು ಚಂದ್ರಹಾಸ.

"ಏನಂತ? ಐಸು ತೊಳೀಬೇಡಿ ಅಂತಲಾ?"

ಅವರು ಮೊಬೈಲಿನ ಕಡೆ ತಿರುಗಿದರು. ಅದನ್ನೂ ಅವರು ಚಾರ್ಜ್ ಮಾಡಿಟ್ಟುಕೊಂಡಿರಲಿಲ್ಲ.

ಆ ರಾತ್ರಿ ಗಾಳಿ ಬೀಸಿತು, ಕಿಟಕಿಗಳು ಬಡಿದುಕೊಂಡವು, ಬೆಳಗಾಯಿತು. ಮಳೆ ನಿಂತ ಮೇಲೆ ಶುರುವಾದ ಸೆಕೆಯೇ ಹೆಚ್ಚು ಭಯ ಹುಟ್ಟಿಸುವಂಥದ್ದು. ಬೀದಿಯಲ್ಲಿ ಕೃಷ್ಣಚೂಡಾ ಮರವೊಂದು ತಂತಿಗಳ ಸಮೇತ ಮಲಗಿತ್ತು. ಫ್ರಿಜ್ಜಿನ ಬಾಗಿಲು ತೆರೆಯದೆ ಎಷ್ಟೇ ಕಾದರೂ ಮಧ್ಯಾಹ್ನಕ್ಕೆ ಒಳಗಿನ ತಂಪೆಲ್ಲ ಹೋಗಿತ್ತು. ಡಾಕ್ಟರಿಗೆ ಫೋನು ಮಾಡಿದೆ. ಪೆನ್ನುಗಳನ್ನು ಆದಷ್ಟು ಬೇಗ ತಂಪಾದ ಕಡೆ ಇಡಿ, ರಾತ್ರಿಯ ಡೋಸು ಮಾತ್ರ ತಪ್ಪಿಸಬೇಡಿ ಎಂದರು. ಎಲ್ಲಿಡುವುದು? ಔಷಧಿ ಅಂಗಡಿಗಳು ಮುಚ್ಚಿದ್ದವು. ತೆರೆದರೂ ಅವರ ಫ್ರಿಜ್ಜೇನು ಗಾಳಿಯಲ್ಲಿ ಓಡುತ್ತದೆಯೇ?

ಕೆಳಗಿನ ಮನೆಯ ಬಂಗಾಳಿ ಚಿಕ್ಕಮ್ಮ, ಮಿತ್ರಾ ಮಾಶಿಮಾ, ನೆನಪಾದರು. ಅವರಿಗೂ ಸಕ್ಕರೆ ಕಾಯಿಲೆ, ಅವರೂ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ನಾನು ಕದ ತಟ್ಟಿದಾಗ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾ ತೆರೆದರು.

"ಏಶೋ, ಏಶೋ," ಎಂದು ಒಳಗೆ ಕರೆದರು. ಐಸು ಸಿಗುತ್ತದೆಯೇ ಎಂದು ಕೇಳಿದೆ.

"ಐಸಾ? ಐಸು ಬೇಕಾದಷ್ಟಿದೆ!" ಎಂದರು ಬಂಗಾಳಿ ಬೆರೆತ ಹಿಂದಿಯಲ್ಲಿ.

ಜಾಮಾಯ್ ಷಷ್ಠಿಗೆ, ಅಳಿಯನನ್ನು ಕರೆದು ಉಣ್ಣಿಸುವ ಅವರ ಹಬ್ಬಕ್ಕೆ, ಡಮ್ ಡಮ್‌ನಿಂದ ಅಳಿಯ ಬರುವವನಿದ್ದ. ಗರಿಯಾಹಾಟ್ ಮಾರ್ಕೆಟ್ಟಿನಿಂದ ದೊಡ್ಡ ಥರ್ಮೋಕೋಲ್ ಪೆಟ್ಟಿಗೆಯ ತುಂಬಾ ಮೀನು ತರಿಸಿ, ಪುಡಿ ಮಂಜುಗಡ್ಡೆಯಲ್ಲಿ ಹೂತಿಟ್ಟಿದ್ದರು. ಮುಚ್ಚಳ ಎತ್ತಿದರೆ ಚಳಿ ಮುಖಕ್ಕೆ ಬಡಿಯಿತು, ಹಿಂದೆಯೇ ವಾಸನೆ. ಮೂಲೆಯಲ್ಲಿ ಅವರ ಪೆನ್ನೂ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೀನಿನ ಬಾಲಕ್ಕೆ ಒರಗಿ ಮಲಗಿತ್ತು.

ನಾನು ಅತ್ತೆಯ ಪೆನ್ನುಗಳನ್ನು ಸ್ಟೀಲ್ ಡಬ್ಬಿಗೆ ಹಾಕಿ, ಡಬ್ಬಿಗೆ ಟವೆಲ್ಲು ಸುತ್ತಿ, ಹೆಸರು ಬರೆದ ಚೀಟಿ ಅಂಟಿಸಿ ಅಲ್ಲೇ ಇಟ್ಟೆ. ಮನೆಯಲ್ಲಿ ಹೇಳಬಾರದು ಎಂದುಕೊಂಡೆ. ಆದರೆ ಪೂರ್ವಿ ನನ್ನ ಹಿಂದೆಯೇ ಬಂದಿದ್ದಳು.

"ಅಜ್ಜೀ! ನಿಮ್ಮ ಮೆಡಿಸಿನ್ ಫಿಶ್ ಜೊತೆ ಸೋ ರಹಾ ಹೈ!" ಔಷಧಿ ಮೀನಿನ ಪಕ್ಕ ಮಲಗಿದೆಯೆಂದು ಮೆಟ್ಟಿಲಿನಿಂದಲೇ ಕೂಗಿದಳು.

ರಾತ್ರಿ ಊಟಕ್ಕೆ ಮೊದಲು ಅತ್ತೆಯ ಸಕ್ಕರೆ ನೋಡಿದೆ. ಮಿತಿ ಮೀರಿ ಏರಿತ್ತು. ಕೆಳಗಿನಿಂದ ಪೆನ್ನು ತಂದು, ಮೇಣದ ಬತ್ತಿಯ ಬೆಳಕಿಗೆ ಹಿಡಿದು ನೋಡಿದೆ. ದ್ರವ ತಿಳಿಯಾಗಿತ್ತು.

"ನಂಗ ಅದು ಬ್ಯಾಡ," ಎಂದರು ಅತ್ತೆ. ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

"ಔಷಧಿಗೆ ಏನೂ ತಾಗಿಲ್ಲ ಅತ್ತೆ. ಸೀಲ್ ಆಗಿದೆ. ಸ್ಟೀಲ್ ಡಬ್ಬಿ, ಅದರ ಮೇಲೆ ಟವೆಲ್ಲು."

"ಮೀನಿನ ನೀರಿನ್ಯಾಗ ಇಟ್ಟಿದ್ದು ನನ್ನ ಮೈಯಾಗ ಹೋಗೂದು ಬ್ಯಾಡ. ಹುಟ್ಟಿದಾಗಿಂದ ಮುಟ್ಟಿಲ್ಲ, ಈಗ ಸೂಜೀಲೆ ತಗೋಬೇಕೇನು?"

"ಅವ್ವಾ, ಒಂದೊಪ್ಪತ್ತು..." ಎಂದರು ಚಂದ್ರಹಾಸ.

"ನೀ ಸುಮ್ಮನಿರು. ನೀ ಆಫೀಸಿನ ಕ್ಯಾಂಟೀನದಾಗ ಏನೇನು ತಿಂತೀಯೋ ನಂಗ ಗೊತ್ತೈತಿ."

ಪೂರ್ವಿ, "ಅಜ್ಜಿ, ಇಟ್ಸ್ ಓನ್ಲಿ ಕೂಲಿಂಗ್," ಎಂದಳು. ಅದಕ್ಕೂ ಫಲವಿಲ್ಲ. ಅಷ್ಟರಲ್ಲಿ ಮಾಶಿಮಾ ಮೆಟ್ಟಿಲು ಹತ್ತಿ ಬಂದರು, ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ತಮ್ಮ ಪೆನ್ನು. ಕತ್ತಲಲ್ಲಿ ತಮಗೆ ಅಂಕಿ ಕಾಣುವುದಿಲ್ಲ, ಚುಚ್ಚಿ ಕೊಡು ಎಂದು ನನ್ನನ್ನು ಕೇಳಿಕೊಂಡು ಬಂದಿದ್ದರು. ಅತ್ತೆ ಕೂಡಲೇ ಚಾಪೆ ಸರಿಪಡಿಸಿ, "ಬರ್ರಿ, ಕುಂದರ್ರಿ," ಎಂದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದು. ಆದರೂ ವರ್ಷಗಳಿಂದ ಮಾತಾಡುತ್ತಾರೆ.

"ಕೀ ಹೋಲೋ?" ಎಂದರು ಮಾಶಿಮಾ ನನ್ನ ಮುಖ ನೋಡಿ.

ಏನಾಯಿತೆಂದು ಹೇಳಲು ಬಾಯಿ ತೆರೆದೆ. ಹಿಂದಿ ಬರಲಿಲ್ಲ. ಬಂದದ್ದು ಕನ್ನಡ, ಅದೂ ಎಂದೂ ಎತ್ತದ ಧ್ವನಿಯಲ್ಲಿ.

"ಏನಾಯ್ತಾ? ನಾನು ವಾರದಿಂದ ಕಟ್ಟಿದ್ದನ್ನೆಲ್ಲ ಈ ಮನೆಯವರು ಬಿಚ್ಚಿದ್ರು. ಬ್ಯಾಟರಿ ತಗೊಂಡ್ರು, ತಿಂದ್ರು, ಸಿಂಕಿಗೆ ಸುರಿದ್ರು. ನಾನೇನೂ ಅನ್ಲಿಲ್ಲ. ಈಗ ಔಷಧಿ ಇದೆ, ಚೆನ್ನಾಗಿದೆ, ಇವರಿಗೆ ಬೇಡ! ಬೆಳಿಗ್ಗೆ ನಿಮ್ಮ ನಾಲಿಗೆ ತೊದಲಿದ್ರೆ ನಿಮ್ಮನ್ನ ಯಾರು ಹೊರ್ತಾರೆ ಅತ್ತೆ? ಕೆಳಗೆ ಮರ ಬಿದ್ದಿದೆ, ನೋಡಿದ್ರಾ? ಆವತ್ತು ನಿಮ್ಮ ಕೈ ಹೇಗೆ ಜೋಲಾಡ್ತಿತ್ತು ಗೊತ್ತಾ? ನಿಮಗೆ ಗೊತ್ತಿಲ್ಲ. ನೀವು ಕಣ್ಣು ಮುಚ್ಚಿದ್ರಿ. ನಾನು ಹಿಂದೆ ನಡೀತಿದ್ದೆ."

ಕನ್ನಡದ ಒಂದಕ್ಷರವೂ ತಿಳಿಯದ ಮಾಶಿಮಾ ನನ್ನ ಬೆನ್ನ ಮೇಲೆ ಕೈಯಿಟ್ಟರು.

ಅತ್ತೆ ಮೇಣದ ಬತ್ತಿಯ ಕಡೆ ತಿರುಗಿದರು.

"ಆ ಕೈ ಜೋಲ್ಯಾಡ್ತಿತ್ತೇನ?" ಎಂದರು.

"ಹೂಂ."

"ನಂಗ ಯಾರೂ ಹೇಳಲಿಲ್ಲ." ಆಮೇಲೆ, "ವಿಶಾಲಾ, ದೇವರ ಜಗಲಿ ಮ್ಯಾಲಿನ ವಿಭೂತಿ ತಾ," ಎಂದರು.

ತಂದುಕೊಟ್ಟೆ. ಅವರು ಪೆನ್ನನ್ನು ಎಡಗೈಯಲ್ಲಿ ಹಿಡಿದು, ಮೂರು ಬೆರಳಿಗೆ ವಿಭೂತಿ ತೀಡಿಕೊಂಡು, ಲಿಂಗಕ್ಕೆ ಹಚ್ಚುವಷ್ಟೇ ನಿಧಾನವಾಗಿ ಅದರ ಮೈಗೆ ಅಡ್ಡಲಾಗಿ ಎಳೆದರು. ಬೆಳ್ಳಗಿನ ಮೂರು ಗೆರೆ. ನನಗೆ ಇನ್ನೊಮ್ಮೆ ಕೂಗಬೇಕೆನಿಸಿತು. ಇಷ್ಟೇ ಆಗಿದ್ದರೆ ಅರ್ಧ ಗಂಟೆಯ ಹಿಂದೆಯೇ ಮಾಡಬಹುದಿತ್ತಲ್ಲ?

ಸ್ಪಿರಿಟ್ ಹತ್ತಿ ತೆಗೆದು ಪೆನ್ನಿನ ತುದಿ ಒರೆಸಹೊರಟೆ.

"ಒರಸಬ್ಯಾಡ!"

"ಸೂಜಿ ಕೂರಿಸೋ ಜಾಗ ಮಾತ್ರ ಅತ್ತೆ. ಬೂದಿ ಒಳಗೆ ಹೋಗಬಾರದು."

"ಗೆರಿ ಉಳೀಬೇಕು."

"ಉಳಿಯತ್ತೆ."

ಅವರು ಸೆರಗಿನಿಂದ ತೋಳು ಹೊರಗೆ ತೆಗೆದು ಮುಖ ಗೋಡೆಯ ಕಡೆ ತಿರುಗಿಸಿದರು. ಅಂಕಿಯನ್ನು ಎರಡು ಸಲ ನೋಡಿ ಚುಚ್ಚಿದೆ. ಔಷಧಿ ಪೂರ್ತಿ ಇಳಿಯುವವರೆಗೆ ಬೆರಳನ್ನು ಎತ್ತಲಿಲ್ಲ.

ನನ್ನ ಪಕ್ಕದಲ್ಲಿ ಮಾಶಿಮಾ ತಮ್ಮ ಪೆನ್ನನ್ನು, ದಿನವಿಡೀ ಮೀನಿನ ಬಾಲಕ್ಕೆ ಒರಗಿದ್ದದ್ದನ್ನು, ಅತ್ತೆಯ ಮುಂದೆ ಚಾಚಿದರು.

"ಆಮಾರ್‌ಟಾತೇಓ," ಎಂದರು. ನನ್ನದಕ್ಕೂ.

ಅತ್ತೆ ಮೂಗು ಮುಚ್ಚಿಕೊಂಡು, ಇನ್ನೊಂದು ಕೈಯ ಬೆರಳುಗಳನ್ನು ಮತ್ತೆ ವಿಭೂತಿಗೆ ತೀಡಿದರು.